ಕಡಲೆಕಾಯಿ ಎಣ್ಣೆಯ ಗಾಣ ಇಟ್ಟೆ, ಯಾಕೆ ಇಟ್ಟೆ ಅನ್ನುವುದೇ ಮರೆತುಹೋಗುತ್ತಿದೆ

ಶಿರಾಸೀಮೆ | ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಮ್ಮಿ. ಇವತ್ತು ನಿದ್ದೆ ಬರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಾ ಕಡೆಯ ಒಂದು ಹಳ್ಳಿ. ಅಪ್ಪ ಮಳೆ ನಂಬಿ ಕಡಲೆಕಾಯಿ ಹಾಕುವವರು. ನಾನು ಬೆಂಗಳೂರಿನಲ್ಲಿ ಒಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದೆ. ಒಂದು ಸಲ ದೀಪಾವಳಿಗೆ ಊರಿಗೆ ಹೋಗಿದ್ದೆ. ಅಡುಗೆಮನೆಯ ಮೂಲೆಯಲ್ಲಿ ಒಣಗಿಸಿ ತುಂಬಿದ ಕಾಯಿಚೀಲಗಳು ಸೂರು ಮುಟ್ಟುವ ಹಾಗೆ ಜೋಡಿಸಿದ್ದವು. ಅಮ್ಮ ಒಲೆ ಮುಂದೆ ನಿಂತು ಪಾಮೋಲಿನ್ ಪ್ಯಾಕೆಟ್ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಬಾಣಲೆಗೆ ಸುರಿಯುತ್ತಿದ್ದರು. ಮನೆ ತುಂಬಾ ಕಡಲೆಕಾಯಿ, ಬಾಣಲೆಯಲ್ಲಿ ಮಾತ್ರ ಎಲ್ಲಿಂದಲೋ ಹಡಗಿನಲ್ಲಿ ಬಂದ ಎಣ್ಣೆ. ಆವತ್ತು ರಾತ್ರಿ ಅಪ್ಪನ ಹತ್ತಿರ ಗಾಣದ ಮಾತು ಎತ್ತಿದೆ. ಅವರು ನಕ್ಕರು.

2018ರಲ್ಲಿ ಕೆಲಸ ಬಿಟ್ಟೆ. ತುಮಕೂರಿನ ಹೊರಗೆ ಶೆಡ್ ಬಾಡಿಗೆಗೆ ಹಿಡಿದು ಒಂದು ಬಾಗೆ ಮರದ ಗಾಣ ಇಟ್ಟೆ. ಎರಡು ವರ್ಷ ನಾನೇ ಗಾಣದ ಮುಂದೆ. ಬೀಜ ಪುಡಿಯಾದ ಮೇಲೆ ಕೈಯಲ್ಲಿ ನೀರು ಚಿಮುಕಿಸಬೇಕು. ಕಮ್ಮಿಯಾದರೆ ಎಣ್ಣೆ ಬಿಡುವುದಿಲ್ಲ, ಜಾಸ್ತಿಯಾದರೆ ಎಲ್ಲಾ ಮುದ್ದೆಯಾಗಿ ಕೂರುತ್ತದೆ. ಎಣ್ಣೆ ಬಿಡುವ ಹೊತ್ತಿಗೆ ಗಾಣದ ಸದ್ದೇ ಬೇರೆಯಾಗುತ್ತದೆ. ಕರಕರ ಅನ್ನುತ್ತಿದ್ದದ್ದು ದಪ್ಪಗೆ, ನಿಧಾನಕ್ಕೆ ನರಳಿದ ಹಾಗೆ ಕೇಳಿಸುತ್ತದೆ. ಪಕ್ಕದ ರೂಮಿನಲ್ಲಿ ಚಹಾ ಕುಡಿಯುತ್ತಿದ್ದರೂ ನನಗೆ ಗೊತ್ತಾಗುತ್ತಿತ್ತು.

ಈಗ ನಾಲ್ಕು ಗಾಣ, ಹನ್ನೊಂದು ಜನ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ, ಎರಡು ಆ್ಯಪ್‌ಗಳಿಗೆ, ಸುಮಾರು ಮೂವತ್ತು ಅಂಗಡಿಗಳಿಗೆ ಮಾಲು ಹೋಗುತ್ತದೆ. ಕೇಳಿದವರೆಲ್ಲ "ಸೂಪರ್ ಗುರು" ಅನ್ನುತ್ತಾರೆ. ನನ್ನ ದಿನ ಮಾತ್ರ ಹೀಗೆ: ಬೆಳಿಗ್ಗೆ ಆ್ಯಪ್‌ನವರ ಸ್ಟಾಕ್ ಶೀಟು, ಆಮೇಲೆ ಜಾಹೀರಾತಿನವರ ಜೊತೆ ಕಾಲ್, ಮಧ್ಯಾಹ್ನ ಸೋರಿದ ಬಾಟಲಿಗಳ ಜಗಳ, ಸಂಜೆ ಜಿಎಸ್‌ಟಿ. ಗಾಣದ ಸದ್ದು ಕೇಳಿಸಬಾರದು ಅಂತ ಆಫೀಸಿಗೆ ಗಾಜಿನ ಬಾಗಿಲು ಹಾಕಿಸಿದವನು ನಾನೇ.

ಹೋದ ತಿಂಗಳು ಹೀಗಾಯಿತು. ನಮ್ಮೂರಿನ ಒಬ್ಬ ರೈತರು, ನನಗೆ ದೊಡ್ಡಪ್ಪನ ವರಸೆ, ಲಗೇಜ್ ಆಟೋದಲ್ಲಿ ಆರು ಚೀಲ ಕಾಯಿ ಹಾಕಿಕೊಂಡು ಗೇಟಿಗೆ ಬಂದಿದ್ದಾರೆ. ಬೆಳಿಗ್ಗೆ ಎಂಟಕ್ಕೆ. ನಾನು ಗಾಜಿನ ಬಾಗಿಲಿನ ಹಿಂದೆ ಲೇಬಲ್ ಯಾವ ಹಸಿರು ಬಣ್ಣದಲ್ಲಿ ಇರಬೇಕು ಅಂತ ಚರ್ಚೆಯಲ್ಲಿದ್ದೆ. ನಮ್ಮ ಹುಡುಗ "ಈಗ ಕಾಯಿ ತಗೊಳ್ಳಲ್ಲ, ಬೀಜವೇ ಬರುತ್ತೆ" ಅಂತ ಹೇಳಿದ್ದಾನೆ. ಅವರು ಹನ್ನೊಂದರ ತನಕ ಕಾದು ವಾಪಸ್ ಹೋದರು. ನನ್ನನ್ನು ಕರೆಯಿರಿ ಅಂತಲೂ ಕೇಳಲಿಲ್ಲವಂತೆ. ನನಗೆ ಗೊತ್ತಾಗಿದ್ದು ಸಂಜೆ.

ಹುಡುಗನದು ತಪ್ಪಿಲ್ಲ. ನಾನು ಹೇಳಿಕೊಟ್ಟಿದ್ದನ್ನೇ ಅವನು ಹೇಳಿದ.

ಇಲ್ಲಿ ಸ್ವಂತ ಉದ್ದಿಮೆ ನಡೆಸುವವರು ತುಂಬಾ ಜನ ಇದ್ದೀರಿ. ಶುರು ಮಾಡಿದಾಗ ಇದ್ದ ಆ ಕಾರಣವನ್ನು ಕೈಬಿಡದೆ ಹೇಗೆ ಇಟ್ಟುಕೊಂಡಿದ್ದೀರಿ? ಸುಮ್ನೆ "ಪ್ಯಾಷನ್ ಇರಬೇಕು" ಅನ್ನುವ ಉತ್ತರ ಬೇಡ ದಯವಿಟ್ಟು.


ಲೇತ್_ಹುಬ್ಬಳ್ಳಿ | ಸೋಮವಾರ ಬೆಳಿಗ್ಗೆ 6:05

ನೋಡ್ರಿ ಸರ್, ಬೇಜಾರಾಗಬೇಡಿ. ಹನ್ನೊಂದು ಮಂದಿಗೆ ಪಗಾರ ಕೊಡುತ್ತೀರಿ. ಅದೇ ಉದ್ದೇಶ. ನಾನು ಗೋಕುಲ ರೋಡಿನಲ್ಲಿ ಇಪ್ಪತ್ತೆರಡು ವರ್ಷದಿಂದ ಮಷಿನ್ ಶಾಪ್ ನಡೆಸುತ್ತಿದ್ದೇನೆ. ಪಂಪಿನ ಬಿಡಿಭಾಗ ಕಡಿಯುತ್ತೇನೆ. ಯಾವ ದೊಡ್ಡ ಉದ್ದೇಶವೂ ಇಲ್ಲ. ಹತ್ತನೇ ತಾರೀಖಿನೊಳಗೆ ಎಲ್ಲರ ಕೈಗೆ ರೊಕ್ಕ ಹೋಗಬೇಕು, ಅಷ್ಟೇ.

ನಮ್ಮ ಕಣ್ಣೆದುರಿಗೇ ಒಂದು ಉದಾಹರಣೆ ಇದೆ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್. 2003ರ ಆಗಸ್ಟಿನಲ್ಲಿ ಹುಬ್ಬಳ್ಳಿ–ಬೆಂಗಳೂರು ವಿಮಾನದಿಂದಲೇ ಶುರುವಾಯಿತು. ಸಾಮಾನ್ಯ ಮನುಷ್ಯ ಹಾರಬೇಕು ಅನ್ನುವುದು ಉದ್ದೇಶ. ಆರ್.ಕೆ. ಲಕ್ಷ್ಮಣರ ಕಾಮನ್ ಮ್ಯಾನ್ ಚಿತ್ರವನ್ನೇ ಗುರುತಾಗಿ ಇಟ್ಟುಕೊಂಡಿದ್ದರು. ಒಂದು ರೂಪಾಯಿ ಟಿಕೆಟ್ ಅಂತ ಊರೆಲ್ಲಾ ಮಾತು. ಅದಕ್ಕಿಂತ ಚೊಕ್ಕ ಉದ್ದೇಶ ಯಾರಿಗಿತ್ತು? ನಷ್ಟ ತಡೆಯಲಿಕ್ಕೆ ಆಗದೆ 2007ರಲ್ಲಿ ಪಾಲು ಮಾರಿದರು. ಮುಂದಿನ ವರ್ಷ ಹೆಸರೇ ಬದಲಾಗಿ ಕಿಂಗ್‌ಫಿಷರ್ ರೆಡ್ ಆಯಿತು. 2012ಕ್ಕೆ ಕೊಂಡವರ ವಿಮಾನಗಳೂ ನೆಲಕ್ಕೆ ಇಳಿದವು. ಉದ್ದೇಶ ಬೆಟ್ಟದಷ್ಟು ಇತ್ತು, ರೊಕ್ಕ ಸಾಲಲಿಲ್ಲ. ಮೊದಲು ರೊಕ್ಕ ನೋಡಿರಿ.


ಪುತ್ತೂರಿನವ | ಸೋಮವಾರ ಬೆಳಿಗ್ಗೆ 8:40

ಲೇತ್ ಸರ್ ಹೇಳಿದ್ದು ಅರ್ಧ ಸರಿ. ಆದರೆ ಮಾರಾಯ್ರೆ, ಆ ಉದಾಹರಣೆಯನ್ನೇ ಇನ್ನೊಂದು ಥರ ನೋಡಿ. ಬೆಂಗಳೂರಿನ ಆಚೆಗೆ ವಿಮಾನ ಕಾಣದಿದ್ದ ಎಷ್ಟು ಜನ ಆ ನಾಲ್ಕೈದು ವರ್ಷದಲ್ಲಿ ಹತ್ತಿ ಇಳಿದರು! ಈಗ ಕಡಿಮೆ ದರದ ವಿಮಾನಗಳೇ ಎಲ್ಲಾ ಕಡೆ. ಕಂಪನಿ ಹೋಯಿತು, ಉದ್ದೇಶ ಬೇರೆಯವರ ಕೈಯಲ್ಲಿ ನಡೆಯುತ್ತಾ ಇದೆ.

ನಮ್ಮೂರಿನದು ಹೇಳುತ್ತೇನೆ. ಎಪ್ಪತ್ತರ ದಶಕದ ಶುರುವಿನಲ್ಲಿ ಅಡಿಕೆ ಬೆಲೆ ನೆಲಕಚ್ಚಿತ್ತು. ತೋಟ ಇದ್ದವರ ಮನೆಯಲ್ಲೂ ಗಂಜಿಗೆ ಲೆಕ್ಕ ಹಾಕುವ ಪರಿಸ್ಥಿತಿ ಅಂತ ಅಜ್ಜ ಹೇಳುತ್ತಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರು ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರನ್ನು ಸೇರಿಸಿ 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಅಡಿಕೆ ಕೊಳ್ಳುವುದು, ಮಾರುವುದು, ಅಷ್ಟೇ ಕೆಲಸ.

ಅಡಿಕೆ ಮರದ ನಡುವೆ ಕೊಕ್ಕೊ ಹಾಕಿ ಅಂತ ನಮ್ಮವರಿಗೆ ಹೇಳಿದವರು ಇದ್ದರು. ಹಾಕಿದರು. 1980ರ ಆಸುಪಾಸಿನಲ್ಲಿ ಬೆಲೆ ಬಿದ್ದಾಗ ಕೊಳ್ಳುವವರೇ ಹಿಂದೆ ಸರಿದರು. ಕೊಕ್ಕೊ ಅಡಿಕೆಯ ಹಾಗೆ ಅಟ್ಟದಲ್ಲಿ ಇಟ್ಟು ಕಾಯುವ ಮಾಲಲ್ಲ. ಕಾಯಿ ಒಡೆದ ಮೇಲೆ ಹಸಿ ಬೀಜ ಕೊಳೆಯುತ್ತದೆ. "ನಾವು ಅಡಿಕೆ ಸಂಸ್ಥೆ, ಕೊಕ್ಕೊ ನಮಗೆ ಸಂಬಂಧ ಇಲ್ಲ" ಅಂತ ಕ್ಯಾಂಪ್ಕೊ ಹೇಳಬಹುದಿತ್ತು ಅಲ್ವಾ? ಹೇಳಲಿಲ್ಲ. ಕೊಳ್ಳಲು ಇಳಿಯಿತು. ಕೊಂಡದ್ದನ್ನು ಏನು ಮಾಡುವುದು ಅಂತ ಹುಡುಕುತ್ತಾ ಕೊನೆಗೆ ಚಾಕೊಲೇಟ್ ಫ್ಯಾಕ್ಟರಿಯನ್ನೇ ಕಟ್ಟಿದರು. 1986ರಲ್ಲಿ ನಮ್ಮ ಪುತ್ತೂರಿನಲ್ಲಿ ಶುರುವಾಯಿತು. ಇವತ್ತಿಗೂ ಗಾಳಿ ಈ ಕಡೆ ಬೀಸಿದರೆ ರಸ್ತೆಗೆಲ್ಲ ಪರಿಮಳ.

ಅವರಿಗೆ ಚಾಕೊಲೇಟ್ ಮಾಡುವ ಕನಸೇನೂ ಇರಲಿಲ್ಲ. ಗೇಟಿಗೆ ಮಾಲು ತಂದವನನ್ನು ವಾಪಸ್ ಕಳಿಸಬಾರದು ಅನ್ನುವ ಹಟ ಇತ್ತು. ನಿಮ್ಮ ಪೋಸ್ಟ್ ಓದಿದಾಗ ನನಗೆ ಅದೇ ನೆನಪಾಯಿತು. ನಿಮ್ಮ ಗೇಟಿನಲ್ಲಿ ಆದದ್ದು ಅದರ ಉಲ್ಟಾ.


ಲೆಕ್ಕದವಳು | ಸೋಮವಾರ ಮಧ್ಯಾಹ್ನ 1:15

ಸಣ್ಣ ಉದ್ದಿಮೆಗಳ ಲೆಕ್ಕ ನೋಡುವುದು ನನ್ನ ಕೆಲಸ. ಒಂದೇ ಪ್ರಶ್ನೆ. ಆ್ಯಪ್‌ನವರು, ಅಂಗಡಿಯವರು ನಿಮಗೆ ಎಷ್ಟು ದಿನಕ್ಕೆ ದುಡ್ಡು ಕೊಡುತ್ತಾರೆ? ರೈತರಿಗೆ ನೀವು ಎಷ್ಟು ದಿನಕ್ಕೆ ಕೊಡಬೇಕು?


ರಾಗಿರೊಟ್ಟಿ | ಸೋಮವಾರ ಮಧ್ಯಾಹ್ನ 2:02

ನನ್ನದೂ ಒಂದು ಪ್ರಶ್ನೆ. "ಕಾಯಿ ತಗೊಳ್ಳಲ್ಲ, ಬೀಜವೇ ಬರುತ್ತೆ" ಅಂದಿರಲ್ಲ. ಆ ಬೀಜ ಎಲ್ಲಿಂದ ಬರುತ್ತೆ ಸರ್? ಬಾಟಲಿ ಮೇಲೆ ಏನು ಬರೆದಿದ್ದೀರಿ?


ಶಿರಾಸೀಮೆ | ಸೋಮವಾರ ರಾತ್ರಿ 10:50

ಮಧ್ಯಾಹ್ನವೇ ಎರಡೂ ಪ್ರಶ್ನೆ ನೋಡಿದೆ. ಉತ್ತರ ಬರೆಯಲು ರಾತ್ರಿಯ ತನಕ ಬೇಕಾಯಿತು.

ಲೆಕ್ಕದವಳು ಮೇಡಂ: ಒಂದು ಆ್ಯಪ್ 60 ದಿನ, ಇನ್ನೊಂದು 45. ಅಂಗಡಿಗಳು ಮನಸ್ಸು ಬಂದಾಗ. ರೈತರಿಗೆ ಆವತ್ತೇ ಕೊಡಬೇಕು. ತೂಕ ಆದ ಕೂಡಲೇ ಕೈಗೆ.

ರಾಗಿರೊಟ್ಟಿ ಅವರೇ: ಬೀಜ ಹೆಚ್ಚಿನದು ಗುಜರಾತಿನದು. ವ್ಯಾಪಾರಿಯೊಬ್ಬರ ಮೂಲಕ ಬರುತ್ತದೆ. ಎರಡು ವರ್ಷ ಆಯಿತು. ಬಾಟಲಿ ಮೇಲೆ "ನಮ್ಮ ಊರಿನ ರೈತರ ಕಡಲೆಕಾಯಿಯಿಂದ" ಅಂತ ಇದೆ.

ಬೇಕು ಅಂತ ಮಾಡಿದ್ದಲ್ಲ ಅಂದರೆ ನೆಪ ಅನ್ನಿಸಬಹುದು. ಒಂದು ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತು. ಕಾಯಿ ಜೊಳ್ಳು. ಅದೇ ಹೊತ್ತಿಗೆ ಆ್ಯಪ್‌ನವರ ಆರ್ಡರ್ ಬಂತು. ವ್ಯಾಪಾರಿ 30 ದಿನ ಸಾಲ ಕೊಟ್ಟರು. ಮಷಿನ್‌ನಲ್ಲಿ ಆರಿಸಿದ ಬೀಜ, ಬೂಸಲು ಹಿಡಿದದ್ದು ಒಂದೂ ಇಲ್ಲ. ಈ ವರ್ಷಕ್ಕೆ ಮಾತ್ರ ಅಂದುಕೊಂಡೆ. ಮರುವರ್ಷ ಮಳೆ ಚೆನ್ನಾಗಿ ಬಂತು, ನಾನು ಮಾತ್ರ ವಾಪಸ್ ಹೋಗಲಿಲ್ಲ. ಬೀಜ ಆರಿಸುತ್ತಿದ್ದ ನಾಲ್ಕು ಜನ ಹೆಂಗಸರನ್ನು ಪ್ಯಾಕಿಂಗಿಗೆ ಹಾಕಿದೆ. ಕಾಯಿ ಬಿಡಿಸುವ ಮಷಿನ್ ಮೇಲೆ ಈಗ ರಟ್ಟಿನ ಪೆಟ್ಟಿಗೆಗಳಿವೆ.

ಲೇಬಲ್ ಬದಲಿಸಬೇಕು ಅಂತ ಪ್ರತಿ ಸಲ ಪ್ರಿಂಟಿಗೆ ಕೊಡುವಾಗ ನೆನಪಾಗುತ್ತಿತ್ತು. ಹಸಿರು ಬಣ್ಣದ ಬಗ್ಗೆ ಮೂರು ಮೀಟಿಂಗ್ ಮಾಡಿದ್ದೇನೆ, ಆ ಸಾಲಿನ ಬಗ್ಗೆ ಒಂದೂ ಮಾಡಲಿಲ್ಲ.


ಮಲ್ಲೇಶ್ವರದಕ್ಕ | ಸೋಮವಾರ ರಾತ್ರಿ 11:14

ನಾನು ಇಂಥದ್ದೇ ಯಾವುದೋ ಎಣ್ಣೆಗೆ ಲೀಟರಿಗೆ 420 ಕೊಡುತ್ತೇನೆ. ನಿಮ್ಮದೋ ಬೇರೆಯವರದೋ ಗೊತ್ತಿಲ್ಲ. ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವಾಗ ಇದನ್ನು ಯಾಕೆ ತರುತ್ತೇನೆ ಅಂದುಕೊಂಡಿರಿ? ಆ ಒಂದು ಸಾಲಿಗಾಗಿ. ಮೋಸ ಹೋದ ಹಾಗೆ ಆಯಿತು. ನಿಮ್ಮ ನಿದ್ದೆ ಹೋದದ್ದಕ್ಕೆ ನನಗೇನೂ ಮರುಕ ಬರುತ್ತಿಲ್ಲ.


ನಿರ್ವಾಹಕರು | ಸೋಮವಾರ ರಾತ್ರಿ 11:30

ಬ್ರ್ಯಾಂಡ್ ಯಾವುದು ಅಂತ ಊಹಿಸಿ ಬರೆದ ಎರಡು ಕಾಮೆಂಟ್ ತೆಗೆದಿದ್ದೇವೆ. ಆ್ಯಪ್, ಅಂಗಡಿ, ವ್ಯಾಪಾರಿಗಳ ಹೆಸರೂ ಬೇಡ. ವಿಷಯ ಮಾತಾಡಿ.


ಲೆಕ್ಕದವಳು | ಮಂಗಳವಾರ ಬೆಳಿಗ್ಗೆ 7:30

ಮಲ್ಲೇಶ್ವರದಕ್ಕನ ಕೋಪ ನ್ಯಾಯವೇ. ಅದನ್ನು ತಿಂದುಕೊಳ್ಳಿ ಸರ್.

ಈಗ ನನ್ನ ಮಾತು. ನಿಮಗೆ ದುಡ್ಡು ಬರುವುದು 60 ದಿನಕ್ಕೆ. ರೈತನಿಗೆ ಕೊಡಬೇಕಾದದ್ದು ಆವತ್ತೇ. ನಡುವೆ ಎರಡು ತಿಂಗಳ ಹಳ್ಳ. ಆ ಹಳ್ಳ ದಾಟಿಸಿದವನು ವ್ಯಾಪಾರಿ. ಅವನ ಸಾಲದ ಜೊತೆಗೆ ಅವನ ಬೀಜವೂ ಬಂತು, ಬೀಜದ ಜೊತೆ ನಿಮ್ಮ ಲೇಬಲ್ ಸುಳ್ಳಾಯಿತು. ಮನಸ್ಸಿನಲ್ಲಿ ಎಲ್ಲೋ ದಾರಿ ತಪ್ಪಿತು ಅಂತ ಧ್ಯಾನಕ್ಕೆ ಕೂರಬೇಡಿ. ತಪ್ಪಿದ್ದು ಬಾಕಿ ಪಟ್ಟಿಯಲ್ಲಿ. ನಾನು ನೋಡಿದ ಹತ್ತಾರು ಉದ್ದಿಮೆಗಳಲ್ಲಿ ಯಜಮಾನರು "ನನಗೆ ಮೊದಲಿನ ಉತ್ಸಾಹ ಇಲ್ಲ" ಅಂದಾಗ ಮೊದಲು ತೆಗೆಸುವುದು ಅದನ್ನೇ.

ನೀವು ತಯಾರಕರು. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಇದೆಯಾ? ಇದ್ದರೆ ಸಣ್ಣ ಉದ್ದಿಮೆಗಳ 2006ರ ಕಾನೂನಿನ ಪ್ರಕಾರ ಕೊಂಡವರು 45 ದಿನ ಮೀರುವ ಹಾಗಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. 60 ದಿನ ಅಂತ ಒಪ್ಪಂದದಲ್ಲಿ ಬರೆಸಿಕೊಂಡರೂ ನಿಲ್ಲುವುದಿಲ್ಲ. 2024ರ ಏಪ್ರಿಲ್‌ನಿಂದ ಇನ್ನೊಂದು ಹಿಡಿತ ಬಂದಿದೆ. ಸಣ್ಣ ತಯಾರಕರಿಗೆ ಗಡುವಿನೊಳಗೆ ಕೊಡದ ದುಡ್ಡನ್ನು, ಕೊಡುವ ತನಕ ಅವರು ತಮ್ಮ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ. ಮಾರ್ಚ್ ಹತ್ತಿರ ಬಂದಾಗ ಇದನ್ನು ಮೇಲ್‌ನಲ್ಲಿ ನೆನಪಿಸಿ ನೋಡಿ, ಎಷ್ಟೋ ಜನ ಕೊಟ್ಟುಬಿಡುತ್ತಾರೆ.

ಇನ್ನೊಂದು. ಎಣ್ಣೆಗೆ ಜಿಎಸ್‌ಟಿ ನೂರಕ್ಕೆ 5, ಬಾಟಲಿಗೆ, ಜಾಹೀರಾತಿನ ಬಿಲ್ಲಿಗೆ, ಕಮಿಷನ್‌ಗೆ 18. ಬಾಟಲಿ ಕೊಳ್ಳುವಾಗ ಹೆಚ್ಚಿಗೆ ಕಟ್ಟಿದ ತೆರಿಗೆಯನ್ನು ವಾಪಸ್ ಕೇಳುವ ದಾರಿ ಖಾದ್ಯ ತೈಲಕ್ಕೆ 2022ರ ಜುಲೈ 18ರಿಂದ ಮುಚ್ಚಿದೆ. ಅಂದರೆ ಜಾಹೀರಾತು, ಕಮಿಷನ್, ಚೆಂದದ ಬಾಟಲಿ ಜಾಸ್ತಿಯಾದಷ್ಟೂ ನಿಮ್ಮ ದುಡ್ಡು ಸರ್ಕಾರದ ಖಾತೆಯಲ್ಲಿ ಸುಮ್ನೆ ಕೂತಿರುತ್ತದೆ. ಅದೇ ದುಡ್ಡಿನಲ್ಲಿ ಎಷ್ಟು ಚೀಲ ಕಾಯಿಗೆ ನಗದು ಕೊಡಬಹುದಿತ್ತು ಅಂತ ಒಂದು ಸಲ ಲೆಕ್ಕ ಹಾಕಿ.


ಲೇತ್_ಹುಬ್ಬಳ್ಳಿ | ಮಂಗಳವಾರ ಬೆಳಿಗ್ಗೆ 7:48

ನಾನು ಹೇಳಿದ್ದೂ ಅದೇ ಅಲ್ಲವೇನ್ರಿ? ಮೊದಲು ರೊಕ್ಕ.


ಲೆಕ್ಕದವಳು | ಮಂಗಳವಾರ ಬೆಳಿಗ್ಗೆ 7:55

ಅಲ್ಲ ಸರ್. ನೀವು "ಉದ್ದೇಶ ಬಿಡಿ, ರೊಕ್ಕ ನೋಡಿ" ಅಂದಿರಿ. ನಾನು ಹೇಳಿದ್ದು, ಉದ್ದೇಶ ಉಳಿಯಬೇಕಾದರೆ ಬಾಕಿ ವಸೂಲು ಮಾಡಿ ಅಂತ.


ಕಾಜಾಗುಂಡಿ | ಮಂಗಳವಾರ ಮಧ್ಯಾಹ್ನ 3:20

ಸಾಗರದ ಹತ್ತಿರ ನನ್ನದು ಆರು ಮಷಿನ್‌ಗಳ ಹೊಲಿಗೆ ಘಟಕ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯ ಚರಕವನ್ನು ನೋಡಿಕೊಂಡು ಬೆಳೆದವಳು ನಾನು. ಹೆಂಗಸರೇ ನಡೆಸುವ ಸಹಕಾರ ಸಂಘ, ಕೈಮಗ್ಗದ ಬಟ್ಟೆ, ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ 2017ರಲ್ಲಿ ಚರಕ ಕಟ್ಟಿದ ರಂಗಕರ್ಮಿ ಪ್ರಸನ್ನ ಅವರು ಉಪವಾಸ ಕೂತದ್ದು ನೆನಪಿರಬಹುದು. ಅವರ ಎಲ್ಲಾ ಮಾತನ್ನೂ ನಾನು ಒಪ್ಪುವುದಿಲ್ಲ. ಮಷಿನ್ ಬೇಡ ಅಂದರೆ ನನ್ನ ಅಂಗಡಿ ಮುಚ್ಚಬೇಕಾಗುತ್ತದೆ. ಆದರೆ ಕೈ ಮಾಡುವ ಕೆಲಸಕ್ಕೂ ತಲೆ ಯೋಚಿಸುವುದಕ್ಕೂ ಸಂಬಂಧ ಇದೆ ಅನ್ನುವುದು ನನ್ನ ಅನುಭವಕ್ಕೇ ಬಂತು.

ಮೊದಲು ಕಟಿಂಗ್ ಎಲ್ಲಾ ನನ್ನದೇ. ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ದೊಡ್ಡ ಕತ್ತರಿ. ಕೈಗೆ ಬಟ್ಟೆಯ ಗುಣ ಗೊತ್ತಾಗುತ್ತಿತ್ತು. ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಅಂತ ಮುಟ್ಟಿದರೇ ಹೇಳುತ್ತಿದ್ದೆ. ಆರ್ಡರ್ ಜಾಸ್ತಿಯಾಯಿತು ಅಂತ ಕಟಿಂಗ್ ಬೇರೆಯವರಿಗೆ ಕೊಟ್ಟೆ. ಆಮೇಲೆ ಹೊಲಿಗೆ. ಆಮೇಲೆ ಗಿರಾಕಿಗಳ ಅಳತೆ ತಗೊಳ್ಳುವುದೂ ಬಿಟ್ಟೆ. ಒಂದು ದಿನ ಅಂಗಡಿಗೆ ಬಂದ ಹಳೇ ಗಿರಾಕಿಯೊಬ್ಬರು ನನ್ನನ್ನೇ "ಮೇಡಂ ಇಲ್ವಾ?" ಅಂತ ಕೇಳಿದರು. ಮಾಸ್ಕ್ ಹಾಕಿದ್ದೆ ನಿಜ. ಆದರೂ ಒಂಥರಾ ಆಯಿತು.

ಈಗ ಕಾಜಾ ಮಾತ್ರ ಯಾರಿಗೂ ಬಿಟ್ಟುಕೊಟ್ಟಿಲ್ಲ. ಕೈಕಾಜಾ ಇರುವ ಅಂಗಿಗಳು ಎಷ್ಟೇ ಇರಲಿ, ಮಧ್ಯಾಹ್ನ ಎರಡರಿಂದ ನಾಲ್ಕು ನಾನೇ ಕೂರುತ್ತೇನೆ. ಆಗ ಎಲ್ಲಾ ಅಂಗಿಯೂ ನನ್ನ ಕೈ ದಾಟಿ ಹೋಗುತ್ತದೆ. ಹೊಲಿಗೆ ಎಲ್ಲಿ ಜಾರಿದೆ, ಯಾರ ಕೈ ಸೋತಿದೆ, ಯಾವ ಹುಡುಗಿ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾಳೆ, ಎಲ್ಲಾ ಗೊತ್ತಾಗುತ್ತದೆ. ಹುಡುಗಿಯರೂ ಪಕ್ಕ ಕೂತು ಮಾತಾಡುತ್ತಾರೆ. ವ್ಯಾಪಾರದ ಪುಸ್ತಕ ಓದಿದವರು "ನಿಮ್ಮ ಸಮಯ ಇದಕ್ಕಿಂತ ಬೆಲೆಬಾಳುತ್ತೆ" ಅನ್ನುತ್ತಾರೆ. ಅನ್ನಲಿ.

ಸರ್, ನೀವು ಆ ಗಾಜಿನ ಬಾಗಿಲು ಮೊದಲು ತೆಗೆಸಿ.


ಕ್ಯಾಲಿಫೋರ್ನಿಯಾ_ಕನ್ನಡಿಗ | ಮಂಗಳವಾರ ರಾತ್ರಿ 9:10

ಕಾಜಾಗುಂಡಿ ಮೇಡಂ ಹೇಳಿದ್ದು ಓದಿ ಇಲ್ಲಿನ ಒಂದು ವಿಷಯ ನೆನಪಾಯಿತು. ಪ್ಯಾಟಗೋನಿಯಾ ಬಟ್ಟೆ ಕಂಪನಿ ಕಟ್ಟಿದ ಇವಾನ್ ಶುನಾರ್ಡ್ ಮೊದಲು ಕಮ್ಮಾರ. ಬೆಟ್ಟ ಹತ್ತುವವರಿಗೆ ಬಂಡೆಯ ಸೀಳಿಗೆ ಹೊಡೆಯುವ ಉಕ್ಕಿನ ಮೊಳೆ ಮಾಡಿ ಮಾರುತ್ತಿದ್ದರು. ವ್ಯಾಪಾರದ ಮುಕ್ಕಾಲು ಪಾಲಿನ ಹತ್ತಿರ ಹತ್ತಿರ ಅದೇ. ಹೊಡೆದು ಕೀಳುವುದರಿಂದ ಬಂಡೆಗಳೇ ಹಾಳಾಗುತ್ತಿವೆ ಅಂತ ಸ್ವತಃ ಹತ್ತುವಾಗ ಕಂಡರು. 1972ರ ಹೊತ್ತಿಗೆ ಕೈಯಲ್ಲೇ ಸಿಕ್ಕಿಸಿ ತೆಗೆಯುವ ಅಲ್ಯೂಮಿನಿಯಂ ತುಂಡುಗಳ ಕಡೆಗೆ ತಿರುಗಿ, ಮೊಳೆಯನ್ನು ಬಿಡುತ್ತಾ ಬಂದರು. 2022ರಲ್ಲಿ ಇಡೀ ಕಂಪನಿಯನ್ನೇ ಪರಿಸರದ ಕೆಲಸಕ್ಕೆ ಬರೆದುಕೊಟ್ಟರು.

ನನಗೆ ಇಷ್ಟವಾದದ್ದು 2022ರದ್ದಲ್ಲ, 1972ರದ್ದು. ಅವರು ಬೆಟ್ಟ ಹತ್ತುವುದನ್ನು ನಿಲ್ಲಿಸಿದ್ದರೆ ಬಂಡೆ ಕಾಣುತ್ತಲೇ ಇರಲಿಲ್ಲ.


ಲೇತ್_ಹುಬ್ಬಳ್ಳಿ | ಮಂಗಳವಾರ ರಾತ್ರಿ 9:31

ಅಮೆರಿಕದ ಸಾಹುಕಾರರ ಕಥಿ ಕೇಳಲಿಕ್ಕೆ ಚೆಂದ. ಅಲ್ಲಿ ಯಾವ ಅಂಗಡಿಯವ "ಮುಂದಿನ ವಾರ ಬರ್ರಿ" ಅಂತ ನಾಲ್ಕು ತಿಂಗಳು ಓಡಾಡಿಸುತ್ತಾನೆ ಹೇಳಿರಿ.

ಆದರೆ ಒಂದು ಮಾತು ಒಪ್ಪುತ್ತೇನೆ. ನಾನೂ ದಿನಾ ಲೇತ್ ಮುಂದೆ ಒಂದು ತಾಸು ನಿಲ್ಲುತ್ತೇನೆ. ಅವಶ್ಯಕತೆ ಇಲ್ಲ. ಹುಡುಗರು ನನಗಿಂತ ಚಲೋ ಮಾಡುತ್ತಾರೆ. ನಿಲ್ಲದಿದ್ದರೆ ಊಟ ಸೇರುವುದಿಲ್ಲ.


ಹೆಸರು_ಬೇಡ | ಬುಧವಾರ ಮಧ್ಯರಾತ್ರಿ 12:40

ನಾನು ಉದ್ದಿಮೆದಾರಳಲ್ಲ, ಉದ್ದಿಮೆದಾರನ ಹೆಂಡತಿ. ನಮ್ಮವರದ್ದು ಸೋಲಾರ್ ಹೀಟರ್ ಕೆಲಸ. ಹದಿನಾಲ್ಕು ವರ್ಷದಿಂದ "ಉದ್ದೇಶ" ಅನ್ನುವ ಮಾತು ಕೇಳುತ್ತಿದ್ದೇನೆ. ಮಗಳ ಶಾಲೆಯ ವಾರ್ಷಿಕೋತ್ಸವ ತಪ್ಪಿದಾಗ ಅದು. ನನ್ನ ಬಳೆ ಅಡ ಇಟ್ಟಾಗ ಅದು. ಅವರಿಗೆ ಉದ್ದೇಶ ತಪ್ಪಿದ ದಿನ ನಾನು ಒಳಗೊಳಗೇ ಖುಷಿಪಟ್ಟಿದ್ದೆ, ಇನ್ನಾದರೂ ರಾತ್ರಿ ಎಂಟಕ್ಕೆ ಮನೆಗೆ ಬರುತ್ತಾರೆ ಅಂತ. ಬರಲಿಲ್ಲ. ಉದ್ದೇಶ ಇಲ್ಲದೆಯೂ ಹನ್ನೊಂದಕ್ಕೇ ಬಂದರು.

ಶಿರಾಸೀಮೆ ಅವರೇ, ನಿಮ್ಮ ಮನೆಯಲ್ಲಿ ಇದನ್ನೆಲ್ಲಾ ಹೇಳಿದ್ದೀರಾ? ನಮ್ಮ ಮುಂದೆ ಬರೆದದ್ದನ್ನು?


ಶಿರಾಸೀಮೆ | ಬುಧವಾರ ಬೆಳಿಗ್ಗೆ 5:50

ಹೇಳಿರಲಿಲ್ಲ ಅಕ್ಕಾ. ನಿಮ್ಮದು ಓದಿದ ಮೇಲೆ ಈಗ ಫೋನನ್ನೇ ಅವಳ ಕೈಗೆ ಕೊಟ್ಟೆ. ಓದುತ್ತಾ ಇದ್ದಾಳೆ. ಏನೂ ಮಾತಾಡುತ್ತಿಲ್ಲ.

ಮಲ್ಲೇಶ್ವರದ ಅಕ್ಕನಿಗೆ ಒಂದು ಲೆಕ್ಕ ಕೊಡಬೇಕು, ಸಮಜಾಯಿಷಿ ಅಲ್ಲ. 2025-26ಕ್ಕೆ ಕಡಲೆಕಾಯಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಮಂಡಿಯಲ್ಲಿ ಅದಕ್ಕಿಂತ ಕಮ್ಮಿಗೆ ಕೇಳುವುದೂ ಉಂಟು. ಒಂದು ಕ್ವಿಂಟಲ್ ಕಾಯಿ ಬಿಡಿಸಿದರೆ ಸುಮಾರು 70 ಕೆಜಿ ಬೀಜ. ಮರದ ಗಾಣದಲ್ಲಿ ನೂರಕ್ಕೆ 40ರ ಹತ್ತಿರ ಎಣ್ಣೆ ಬಂದರೆ ಒಳ್ಳೆಯದು ಅನ್ನಬೇಕು. ಅಂದರೆ 28 ಕೆಜಿ, ಸುಮಾರು 30 ಲೀಟರ್. ಬೆಂಬಲ ಬೆಲೆ ಪೂರ್ತಿ ಕೊಟ್ಟರೆ ಕಾಯಿಯ ಖರ್ಚೇ ಲೀಟರಿಗೆ 240ರ ಹತ್ತಿರ ಬರುತ್ತದೆ. ಹಿಂಡಿ ಮಾರಿ ಒಂದಷ್ಟು ವಾಪಸ್ ಬರುತ್ತದೆ. 420 ಅನ್ನುವುದು ಅನ್ಯಾಯದ ಬೆಲೆ ಅಲ್ಲ. ಆ ಬೆಲೆ ಇಟ್ಟುಕೊಂಡು ಆ ಕಾಯಿ ಕೊಳ್ಳದಿದ್ದದ್ದು ಅನ್ಯಾಯ.


ಮಲ್ಲೇಶ್ವರದಕ್ಕ | ಬುಧವಾರ ಬೆಳಿಗ್ಗೆ 9:00

ಹೂಂ. ಇದನ್ನು ಬಾಟಲಿ ಮೇಲೆ ಬರೆಯಿರಿ. ಹಸಿರು ಬಣ್ಣ ಯಾವುದಾದರೂ ಇರಲಿ.


ರಾಗಿರೊಟ್ಟಿ | ಬುಧವಾರ ಬೆಳಿಗ್ಗೆ 11:25

ಒಂದು ಅಡ್ಡ ಪ್ರಶ್ನೆ. ಗುಜರಾತಿನ ಕಾಯಿಯೂ ರೈತನೇ ಬೆಳೆದದ್ದು ಅಲ್ವಾ? ನಿಮಗೆ ಈಗ ನಿಜವಾಗಲೂ ಬೇಕಿರುವುದು ದೊಡ್ಡ ಎಣ್ಣೆ ಕಂಪನಿ ಕಟ್ಟುವುದಾದರೆ ಅದರಲ್ಲೇನೂ ನಾಚಿಕೆ ಇಲ್ಲ. "ಮರದ ಗಾಣದ ಎಣ್ಣೆ" ಅಂತ ಹಾಕಿ, ಊರಿನ ರೈತರ ಸಾಲು ತೆಗೆಯಿರಿ, ನೆಮ್ಮದಿಯಾಗಿ ವ್ಯಾಪಾರ ಮಾಡಿ. 2018ರ ನಿಮ್ಮ ಉದ್ದೇಶಕ್ಕೆ 2025ರ ನೀವು ಜೀತ ಮಾಡಬೇಕು ಅಂತ ಎಲ್ಲಿದೆ?


ಪುತ್ತೂರಿನವ | ಬುಧವಾರ ಮಧ್ಯಾಹ್ನ 12:10

ಈ ಪ್ರಶ್ನೆ ಮಾತ್ರ ಒಳ್ಳೆಯದು. ಶಿರಾಸೀಮೆ ಅವರು ಉತ್ತರಿಸದೆ ತಪ್ಪಿಸಿಕೊಳ್ಳಬಾರದು.


ಶಿರಾಸೀಮೆ | ಮೂರು ವಾರದ ನಂತರ, ಶನಿವಾರ ರಾತ್ರಿ 8:45

ತಪ್ಪಿಸಿಕೊಂಡಿದ್ದು ನಿಜ. ಉತ್ತರ ಗೊತ್ತಿರಲಿಲ್ಲ.

ದೊಡ್ಡಪ್ಪನ ಮನೆಗೆ ಹೋಗಿದ್ದೆ. ಕ್ಷಮೆ ಕೇಳಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವರು ಜಗಲಿ ಮೇಲೆ ಕಾಯಿ ಬಿಡಿಸುತ್ತಾ ಕೂತಿದ್ದರು. ಕೇಳಿಸಿಕೊಂಡು, "ಅದಿರ್ಲಿ ಬಿಡಪ್ಪ, ಗೇಟು ಅಂದ್ಮೇಲೆ ಕಾಯಿಸ್ತಾರೆ. ಏನ್ ರೇಟು ಕೊಡ್ತೀಯ ಅದು ಹೇಳು" ಅಂದರು. ಆರು ಚೀಲವನ್ನು ಆವತ್ತೇ ದಾರಿಯಲ್ಲಿ ಯಾರಿಗೋ ಕಮ್ಮಿಗೆ ಕೊಟ್ಟು ಬಂದಿದ್ದರಂತೆ. ಎಷ್ಟಕ್ಕೆ ಅಂತ ಹೇಳಲಿಲ್ಲ. ಒಂದು ಹಿಡಿ ಬೀಜ ನನ್ನ ಕೈಗೆ ಹಾಕಿದರು. ಟಿಎಂವಿ-2, ನಮ್ಮ ಕಡೆಯ ಹಳೇ ತಳಿ, ಸಣ್ಣ ಕಾಳು. ಹಲ್ಲಿನಲ್ಲಿ ಕಡಿದು ನೋಡಿದೆ. ತೇವ ಎಷ್ಟಿದೆ ಅಂತ ಕಡಿದೇ ಹೇಳುತ್ತಿದ್ದವನು ನಾನು. ಈಗ ಸರಿಯಾಗಿ ಹೇಳಲು ಬರಲಿಲ್ಲ.

ರಾಗಿರೊಟ್ಟಿ ಅವರ ಪ್ರಶ್ನೆ ಮನೆಯಲ್ಲೂ ಎದ್ದಿತು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು, ಇನ್ನೂ ಸ್ವಲ್ಪ ಖಾರವಾಗಿ. ನನಗೆ ದೊಡ್ಡ ಕಂಪನಿಯೂ ಬೇಕು ಅನ್ನುವುದನ್ನು ಒಪ್ಪಿಕೊಂಡೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ಹಾಗಾಗಿ ಮಾಡಿರುವುದು ಇಷ್ಟು.

ಆ ಸಾಲು ಇರುವ ಲೇಬಲ್‌ಗಳನ್ನು ಸುಟ್ಟೆವು. ಉಳಿದ ಬಾಟಲಿಗಳಿಗೆ ಹೊಸದು ಅಂಟಿಸಿದ್ದೇವೆ. ಬೀಜ ಯಾವ ರಾಜ್ಯದ್ದು ಅಂತ ಅದರಲ್ಲೇ ಇದೆ. ಒಂದು ಅಂಗಡಿಯವರು ಮಾಲು ವಾಪಸ್ ಕಳಿಸಿದರು. ಹಳೇ ಗಿರಾಕಿಗಳಿಗೆ ಮೆಸೇಜ್ ಹಾಕಿದೆ. ಬೈದವರೇ ಜಾಸ್ತಿ. ದುಡ್ಡು ವಾಪಸ್ ಕೇಳಿದ ಹದಿನೇಳು ಜನರಿಗೆ ಕೊಟ್ಟೆ.

ನಾಲ್ಕು ಗಾಣದಲ್ಲಿ ಒಂದನ್ನು ಊರಿನ ಕಾಯಿಗೆ ಮಾತ್ರ ಇಟ್ಟಿದ್ದೇವೆ. ಅದರ ಎಣ್ಣೆ ಆ್ಯಪ್‌ಗೆ ಹೋಗುವುದಿಲ್ಲ. ಗಿರಾಕಿಗಳು ಮುಂಚೆಯೇ ದುಡ್ಡು ಕೊಟ್ಟು ಬರೆಸಬೇಕು, ಆ ದುಡ್ಡು ರೈತರಿಗೆ ಆವತ್ತೇ ಹೋಗುತ್ತದೆ. ಈ ದಾರಿ ಲೆಕ್ಕದವಳು ಮೇಡಂ ಫೋನಿನಲ್ಲಿ ಹೇಳಿಕೊಟ್ಟದ್ದು. 60 ದಿನದ ಆ್ಯಪ್‌ಗೆ ಮೇಲ್ ಹಾಕಿದ್ದೇನೆ, ಇನ್ನೂ ಉತ್ತರ ಇಲ್ಲ.

ಶುಕ್ರವಾರ ಬೆಳಿಗ್ಗೆ ಕಾಯಿ ತೂಕ. ನಾನೇ ನಿಲ್ಲುತ್ತೇನೆ. ನಿನ್ನೆ ಮೊದಲನೇ ಸಲ. ಮೂರು ಜನ ಬಂದರು. ಒಬ್ಬರ ಕಾಯಿಯಲ್ಲಿ ಬೂಸಲು ಜಾಸ್ತಿ ಇತ್ತು. ಬೇಡ ಅನ್ನಬೇಕಾಯಿತು. ಗಾಣದ ಎಣ್ಣೆಯನ್ನು ರಿಫೈನ್ ಮಾಡುವುದಿಲ್ಲ, ಬೂಸಲಿನ ವಿಷ ಬೀಜದಿಂದ ಎಣ್ಣೆಗೂ ಇಳಿಯಬಹುದು. ಪುತ್ತೂರಿನವರು ಹೇಳಿದ ಹಾಗೆ ಯಾರನ್ನೂ ವಾಪಸ್ ಕಳಿಸದೆ ಇರಲು ನನ್ನಿಂದ ಆಗಲಿಲ್ಲ. ಆದರೆ ಚೀಲ ಬಿಚ್ಚಿ, ಅವರ ಮುಂದೆಯೇ ಒಡೆದು ತೋರಿಸಿ ಹೇಳಿದೆ. ಅವರು ಬೈದುಕೊಂಡೇ ಹೋದರು.

ಬೀಜ ಆರಿಸುವ ಹೆಂಗಸರಲ್ಲಿ ಇಬ್ಬರು ವಾಪಸ್ ಮೊರ ಹಿಡಿದಿದ್ದಾರೆ. ಇನ್ನಿಬ್ಬರಿಗೆ ಪ್ಯಾಕಿಂಗೇ ಇಷ್ಟವಂತೆ, ಫ್ಯಾನ್ ಇದೆ ಅಂತ.


ಕಾಜಾಗುಂಡಿ | ಶನಿವಾರ ರಾತ್ರಿ 9:05

ಗಾಜಿನ ಬಾಗಿಲು?


ಶಿರಾಸೀಮೆ | ಶನಿವಾರ ರಾತ್ರಿ 9:07

ಇದೆ ಮೇಡಂ. ತೆಗೆದರೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ. ತೆರೆದಿಟ್ಟಿದ್ದೇನೆ. ಕಾಲ್ ಬಂದಾಗ ಹಾಕುತ್ತೇನೆ.


ಲೇತ್_ಹುಬ್ಬಳ್ಳಿ | ಶನಿವಾರ ರಾತ್ರಿ 9:40

ಬಾಗಿಲಿನ ಕೀಲು ಸಡಿಲಾದರೆ ಹೇಳ್ರಿ, ಕಡಿದು ಕಳಿಸುತ್ತೇನೆ.


ಹೊಸಬ_ಕೊರಟಗೆರೆ | ಭಾನುವಾರ ಬೆಳಿಗ್ಗೆ 6:30

ಎಲ್ಲಾ ಓದಿದೆ ಅಣ್ಣ. ನನ್ನದು ಉದ್ದಿಮೆ ಗಿದ್ದಿಮೆ ಏನಿಲ್ಲ, ಎರಡು ಹಸು ಇವೆ. ಹಿಂಡಿ ಬಿಡಿಯಾಗಿ ಕೊಡ್ತೀರಾ?


ಶಿರಾಸೀಮೆ | ಭಾನುವಾರ ಬೆಳಿಗ್ಗೆ 6:42

ಕೊಡ್ತೀವಿ ತಮ್ಮ. ಶುಕ್ರವಾರ ಎಂಟರೊಳಗೆ ಬಾ. ಕಾಯಿ ತಂದವರೇ ಹಿಂಡಿಯನ್ನೂ ಹಾಕಿಕೊಂಡು ಹೋಗುತ್ತಾರೆ, ತಡವಾದರೆ ಉಳಿಯುವುದಿಲ್ಲ.